ಬಣ್ಣ ನೋಡುವ ನಾಲಿಗೆ

ನಮ್ಮ ಮನೆಯಲ್ಲಿ ಯಾವಾಗಲೂ ಒಬ್ಬರ ಚಹಾ ಆರುತ್ತಾ ಕೂತಿರುತ್ತಿತ್ತು. ಮೊದಲು ಅಜ್ಜನದು, ಆಮೇಲೆ ಅಪ್ಪನದು, ಕಡೆಗೆ ಅವ್ವನದು. ಒಲೆಯ ಪಕ್ಕ ಒಂದು ಹಿತ್ತಾಳೆ ಲೋಟ, ಅದರ ಮೇಲೊಂದು ತಟ್ಟೆ. ಬೆಳಿಗ್ಗೆ ಎದ್ದ ಮೇಲೆ ಉಪ್ಪಾಗಲಿ ಸಿಹಿಯಾಗಲಿ ನಾಲಿಗೆಗೆ ತಾಕುವ ಮೊದಲು ಬಣ್ಣದ ರುಚಿ ನೋಡಬೇಕು ಎನ್ನುವುದು ನಮ್ಮ ಮನೆತನದ ಕಟ್ಟಳೆ. ಅದಕ್ಕೆ ‘ಬರೇ ನಾಲಿಗಿ’ ಎನ್ನುತ್ತಿದ್ದರು. ಬಾಗಲಕೋಟೆ ಕಡೆಯ ನಮ್ಮ ಊರಿನಲ್ಲಿ ಅಜ್ಜ ನೇಕಾರರ ನೂಲಿಗೆ ನೀಲಿ ಹಾಕಿಕೊಡುತ್ತಿದ್ದ. ಹಿತ್ತಲಿನಲ್ಲಿ ಕತ್ತಿನವರೆಗೆ ಹೂತಿದ್ದ ಎಂಟು ಮಣ್ಣಿನ ಬಾನಿಗಳು; ಅವುಗಳಲ್ಲಿ ನೀಲಿ, ಸುಣ್ಣ, ಬೆಲ್ಲ, ತಗಚಿ ಬೀಜ ಸೇರಿ ಕೊಳೆತು ಹುಳಿಯುತ್ತಿದ್ದವು. ನಸುಕಿನಲ್ಲಿ ಅಜ್ಜ ಕಿರುಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ಉಗುಳುತ್ತಿದ್ದನಂತೆ. ಚುರುಕ್ಕೆಂದರೆ ಸುಣ್ಣ ಹೆಚ್ಚು, ಸಪ್ಪಗಿದ್ದರೆ ಬಾನಿ ಹಸಿದಿದೆ, ಬೆಲ್ಲ ಹಾಕಬೇಕು. ಅಷ್ಟೇ ಅವನ ವಿದ್ಯೆ. ಅದರಲ್ಲಿ ಅವನು ತೊಂಬತ್ತರ ಹತ್ತಿರದವರೆಗೆ ಬದುಕಿದ, ಹಲ್ಲೂ ಗಟ್ಟಿಯಿದ್ದವು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ ಆಮೇಲೆ ಆದದ್ದಕ್ಕೆಲ್ಲ ಅಪ್ಪ ಅಜ್ಜನ ಗಟ್ಟಿ ಹಲ್ಲುಗಳನ್ನೇ ಸಾಕ್ಷಿ ಕೊಡುತ್ತಿದ್ದ.

ಪೇಟೆಗೆ ಪುಡಿಬಣ್ಣ ಬಂದ ಮೇಲೆ ಬಾನಿಗಳು ಒಂದೊಂದಾಗಿ ಒಣಗಿದವು. ಅಪ್ಪ ಮುಂಬಯಿಗೆ ಬಂದು ಯಾವುದೋ ಬಣ್ಣದ ಕಂಪನಿಯಲ್ಲಿ ಚೀಲ ಹೊತ್ತು, ಪೈಪು ತೊಳೆದು, ನೋಡನೋಡುತ್ತಲೇ ಕೆಲಸ ಕಲಿತ. ‘ನಮ್ಮನ್ನ ಮುಳುಗಿಸಿದ್ದು ಈ ಪುಡಿ, ಇದನ್ನೇ ನಾವೂ ಮಾಡೂಣು’ ಎಂದು ಡೊಂಬಿವಲಿಯ ಕಾರ್ಖಾನೆ ವಸಾಹತು ಎಂಐಡಿಸಿಯಲ್ಲಿ ಒಂದು ತಗಡಿನ ಶೆಡ್ ಹಿಡಿದ. ಅಲ್ಲಿಂದ ಹದಿನೈದು ನಿಮಿಷ ನಡೆದರೆ ನಮ್ಮ ಮನೆ. ಎರಡು ಕೋಣೆ, ಅಡುಗೆ ಮಾಡುವ ಕೋಣೆಯ ಮೂಲೆಯಲ್ಲಿ ಗೇಣುದ್ದ ಕಟ್ಟೆ ಕಟ್ಟಿದ ಮೋರಿ. ಸ್ನಾನ ಅಲ್ಲೇ, ಪಾತ್ರೆ ಅಲ್ಲೇ, ಹೊತ್ತಲ್ಲದ ಹೊತ್ತಿನಲ್ಲಿ ಹೆಂಗಸರ ಒಂದಕ್ಕೂ ಅದೇ. ಅಜ್ಜನನ್ನೂ ಕರೆತಂದರು. ಅವನು ಶೆಡ್ಡಿಗೆ ಹೋದದ್ದು ಒಂದೇ ಸಲ. ಕಬ್ಬಿಣದ ದೊಡ್ಡ ಹಂಡೆಯೊಳಗೆ ಇಣುಕಿ, ಮೂಗು ಮುಚ್ಚಿಕೊಂಡು ಹೊರಬಂದು, ಅಪ್ಪನಿಗೆ ಒಂದೇ ಮಾತು ಹೇಳಿದನಂತೆ.

“ಇದಕ್ಕ ಜೀವ ಇಲ್ಲ ಬಿಡು. ಆದ್ರೂ ನಾಲಿಗಿ ಬಿಡಬ್ಯಾಡ.”

ಅಪ್ಪ ಬಿಡಲಿಲ್ಲ. ಪುಡಿಬಣ್ಣ ಮಾಡುವಾಗ ಕಡೆಗೆ ಆಸಿಡ್ ಹೋಗುವವರೆಗೆ ನೀರಿನಲ್ಲಿ ತೊಳೆಯಬೇಕು. ಹುಳಿ ಉಳಿದರೆ ಬಟ್ಟೆ ಕೊಳೆಯುತ್ತದೆ, ಮಾಲು ವಾಪಸ್ಸು ಬರುತ್ತದೆ. ಅದನ್ನು ನೋಡುವುದಕ್ಕೆ ಬಣ್ಣ ಬದಲಿಸುವ ಕಾಗದದ ಪಟ್ಟಿಗಳು ಸಿಗುತ್ತಿದ್ದವು. ಅಪ್ಪನ ಡ್ರಾಯರಿನಲ್ಲೂ ಒಂದು ಕಟ್ಟು ಇತ್ತು, ತೆರೆಯದೆ ಇತ್ತು. ‘ಕಾಗದ ಹಳೇದಾದ್ರ ಸುಳ್ಳು ಹೇಳ್ತೈತಿ, ನಾಲಿಗಿ ಹೇಳಂಗಿಲ್ಲ’ ಎನ್ನುತ್ತಿದ್ದ. ಬೆಳಿಗ್ಗೆ ಬರೇ ನಾಲಿಗೆಯಲ್ಲಿ ಶೆಡ್ಡಿಗೆ ಹೋಗಿ, ತೊಳೆದ ನೀರನ್ನು ಬೆರಳಲ್ಲಿ ಮುಟ್ಟಿ, ನಾಲಿಗೆಗೆ ಹಚ್ಚಿ, ಉಗುಳಿ, ಮನೆಗೆ ಬಂದು ಆರಿದ ಚಹಾ ಕುಡಿಯುತ್ತಿದ್ದ. ಅಜ್ಜನ ಬಾನಿಯಲ್ಲಿ ಇದ್ದದ್ದು ಏನು, ಅಪ್ಪನ ಹಂಡೆಯಲ್ಲಿ ಇದ್ದದ್ದು ಏನು ಎಂದು ಕೇಳುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಹುಟ್ಟಲಿಲ್ಲ.

ಬಣ್ಣ ಮನೆಯೊಳಗೆ ಬರುವುದಕ್ಕೆ ಬಾಗಿಲು ಬೇಕಿರಲಿಲ್ಲ. ಅಪ್ಪನ ದಿಂಬು ಹಳದಿ, ಬನಿಯನ್ ಕರಿ, ಸೀನಿದರೆ ಕರವಸ್ತ್ರದಲ್ಲಿ ನೀಲಿ. ಅವ್ವ ಅವನ ಬಟ್ಟೆ ಒಗೆದ ಕೈಯಲ್ಲೇ ಹಿಟ್ಟು ನಾದಿದರೆ ರೊಟ್ಟಿಯ ಅಂಚಿನಲ್ಲಿ ಒಂದೊಂದು ದಿನ ಕೇಸರಿ ಬೆರಳು ಮೂಡಿರುತ್ತಿತ್ತು. ನಾನೂ ಅಣ್ಣನೂ ಅದೇ ತುಂಡಿಗೆ ಜಗಳವಾಡುತ್ತಿದ್ದೆವು. ನಮ್ಮ ತಂತಿಯ ಮೇಲಿನ ಬಟ್ಟೆ ನೋಡಿ ಎದುರಿನ ಮನೆಯ ಕುಲಕರ್ಣಿ ಕಾಕೂ, ‘ಆಜ್ ಕಾಯ್, ಹಿರವಾ?’ ಎಂದು ಮರಾಠಿಯಲ್ಲಿ, ಇವತ್ತೇನು ಹಸಿರೋ ಎಂದು ಕೇಳುತ್ತಿದ್ದಳು. ಮೂತ್ರವೂ ಬಣ್ಣ ಹೋಗುತ್ತಿತ್ತು. ಅಪ್ಪನದು, ಬಟ್ಟೆ ಒಗೆದ ದಿನ ಅವ್ವನದು, ಬೇಸಗೆ ರಜೆಯಲ್ಲಿ ಮಾಳಿಗೆಯ ಮೇಲೆ ಒಣಹಾಕಿದ ಪುಡಿಯನ್ನು ಕಾಯಲು ಕೂತಾಗ ನಮ್ಮದೂ. ‘ಬಣ್ಣ ಇಳ್ಯಾಕತ್ತೈತಿ’ ಎನ್ನುತ್ತಿದ್ದೆವು. ಜ್ವರ ಇಳಿಯಿತು ಎನ್ನುವ ಹಾಗೆ, ಒಳ್ಳೆಯ ಸುದ್ದಿಯಂತೆ. ಮೈಗೆ ಹತ್ತಿದ್ದು ಇಳಿದು ಹೋದರೆ ಒಳ್ಳೆಯದೇ ಅಲ್ಲವೇ. ಒಂದು ತಂಬಿಗೆ ನೀರು ಸುರಿದರೆ ಮೋರಿ ಮತ್ತೆ ಬೆಳ್ಳಗೆ.

ನನಗೆ ಒಂಬತ್ತು ವರ್ಷವಾದಾಗ ಅಜ್ಜ ತೀರಿಕೊಂಡ. ಅದಕ್ಕೆ ಮೊದಲು ಅವನು ನನಗೊಂದು ಆಟ ಕಲಿಸಿದ್ದ. ಐದು ಬಟ್ಟಲು ನೀರು. ಒಂದರಲ್ಲಿ ಚೂರೇ ಚೂರು ಸುಣ್ಣ, ಒಂದರಲ್ಲಿ ಹುಣಸೆ, ಒಂದರಲ್ಲಿ ಉಪ್ಪು. ಕಣ್ಣು ಮುಚ್ಚಿ ಹೇಳಬೇಕು. ಅಣ್ಣ ಎಲ್ಲವನ್ನೂ ಗಟಗಟ ಕುಡಿದುಬಿಡುತ್ತಿದ್ದ. ನಾನು ತಪ್ಪುತ್ತಲೇ ಇರಲಿಲ್ಲ. ‘ನಮ್ಮ ಮನಿ ನಾಲಿಗಿ ಇದರ ಬಾಯಾಗ ಹುಟ್ಟೈತಿ. ಏನ್ ಮಾಡೂದು, ಹೆಣ್ಣಾತು’ ಎಂದು ಅಜ್ಜ ಪೇಚಾಡುತ್ತಿದ್ದ. ಬಾನಿಯ ಹತ್ತಿರ ಹೆಣ್ಣು ಸುಳಿಯಬಾರದು ಎನ್ನುವುದು ಅವನ ಇನ್ನೊಂದು ಕಟ್ಟಳೆ. ಆ ಕಾರಣಕ್ಕೆ ಅವ್ವ ಜೀವಮಾನದಲ್ಲಿ ಒಮ್ಮೆಯೂ ಶೆಡ್ಡಿನ ಹೊಸ್ತಿಲು ತುಳಿದವಳಲ್ಲ. ದಸರೆಯ ಪೂಜೆಯ ಹೋಳಿಗೆಯನ್ನು ಕೂಡ ಗೇಟಿನಲ್ಲೇ ಕೊಟ್ಟು ತಿರುಗಿ ಬರುತ್ತಿದ್ದಳು.

ಆ ವರ್ಷವೇ ಮಾಲು ವಾಪಸ್ಸು ಬರತೊಡಗಿತು. ಒಂದು ಸಲ, ಎರಡು ಸಲ. ಅಪ್ಪ ಯಾರಿಗೂ ಏನೂ ಹೇಳಲಿಲ್ಲ. ಒಂದು ದಿನ ಬೆಳಿಗ್ಗೆ ಒಂಬತ್ತೂವರೆಗೆ ಸಣ್ಣ ಔಷಧಿ ಬಾಟಲಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಅವ್ವ ನಳದ ನೀರಿಗೆ ಕೆಳಗೆ ಹೋಗಿದ್ದಳು. ನನ್ನನ್ನು ಕರೆದು ಬಾಟಲಿಯ ಬಿರಡೆ ತೆಗೆದ.

“ಶಾಂತಾ, ಇದು ಹೆಂಗೈತಿ ನೋಡು. ಅಜ್ಜ ಕಲಿಸಿದ್ನಲ್ಲ, ಹಂಗ.”

ಹುಳಿ ಇದೆ ಎಂದೆ. ಅಪ್ಪ ನನ್ನ ತಲೆ ಸವರಿ ಓಡಿದ. ಆ ಖುಷಿಯನ್ನು ಹೇಗೆ ಹೇಳಲಿ. ಅಣ್ಣನಿಗಿಲ್ಲದ್ದು, ಅಜ್ಜ ಕೊಡಲೊಲ್ಲದ್ದು, ನನ್ನ ಬಾಯಿಗೆ ಬಂದಿತ್ತು. ಮಾರನೆಯ ದಿನ ನಾನೇ ಬರೇ ನಾಲಿಗೆಯಲ್ಲಿ ಕಾದು ಕೂತೆ, ಹೊಟ್ಟೆನೋವೆಂದು ಸುಳ್ಳು ಹೇಳಿ ಚಹಾ ಬಿಟ್ಟೆ. ಹೀಗೆ ಒಂದು ವಾರ. ಎಂಟನೆಯ ದಿನ ಅವ್ವ ಜಡೆ ಹೆಣೆಯುತ್ತಾ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿದಾಗ ಬಣ್ಣ ಹತ್ತಿದ ನಾಲಿಗೆ ಕಂಡಿತು. ಅಪ್ಪ ಅದೇ ಹೊತ್ತಿಗೆ ಬಾಟಲಿ ಹಿಡಿದು ಒಳಗೆ ಬಂದ. ನಾನು ಬೆರಳು ಚಾಚಿದ್ದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. ಎಷ್ಟು ಬಿಗಿಯಾಗಿ ಎಂದರೆ ಬಳೆ ಎರಡು ಒಡೆದು ಒಂದು ಚೂರು ಚರ್ಮಕ್ಕೆ ನಾಟಿತು. ನಾನು ಅತ್ತೆ. ಅವಳು ಬಿಡಲಿಲ್ಲ.

“ನನ್ನ ಮಗಳ ನಾಲಿಗೀಗೆ ಇದನ್ನ ಹಚ್ಚತೀರೇನ್ರಿ?”

“ಏನೂ ಆಗಂಗಿಲ್ಲ ಬಿಡ. ನಮ್ಮಪ್ಪ ಜಲ್ಮ ಪೂರ್ತಿ ನೋಡ್ಯಾನ. ನಾನು ಹತ್ತು ವರ್ಷ ನೋಡೀನಿ. ನನಗೇನಾಗೈತಿ?”

“ಏನಾಗೈತಿ? ನಿನ್ನೆ ಬ್ಯಾಳಿ ಹೆಂಗಿತ್ತು?”

“ಚೊಲೋ ಇತ್ತು.”

“ಉಪ್ಪು?”

“ಸರಿ ಇತ್ತಲ್ಲ.”

“ಹಾಕಿರ್ಲಿಲ್ರಿ. ಎಂಟು ದಿನದಿಂದ ಹಾಕೇ ಇಲ್ಲ. ಗೊತ್ತಾಗ್ತೈತೋ ಇಲ್ಲೋ ಅಂತ ನೋಡಾಕತ್ತಿದ್ದೆ.”

ಆ ವಾರವೆಲ್ಲ ಅವ್ವ ನಮ್ಮಿಬ್ಬರ ತಟ್ಟೆಗೆ ಮಾತ್ರ ಉಪ್ಪು ಉದುರಿಸಿ ಕೊಡುತ್ತಿದ್ದದ್ದು ನನಗೆ ಆಗ ಹೊಳೆಯಿತು. ಅಪ್ಪ ಬಾಗಿಲ ಹತ್ತಿರ ನಿಂತೇ ಇದ್ದ. ಅವನ ನಾಲಿಗೆ ಸತ್ತಿತ್ತು, ಅದು ಅವನಿಗೆ ಮೊದಲೇ ಗೊತ್ತಿತ್ತು. ಇನ್ನೊಬ್ಬರ ಬಾಯಲ್ಲಿ ಅದನ್ನು ಕೇಳಬೇಕಾಗಿ ಬಂದಾಗ ಸಣ್ಣಗಾದ. ಕಾಗದದ ಪಟ್ಟಿ ತೆಗೆಯಿರಿ ಎಂದು ಆಗ ಒಬ್ಬರಾದರೂ ಹೇಳಬಹುದಿತ್ತು. ಅವ್ವನಿಗೆ ಪಟ್ಟಿಯೊಂದು ಇದೆ ಎನ್ನುವುದೇ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಹೇಳಲಿಲ್ಲ.

“ಹಂಗಾರ ಏನ್ ಮಾಡ್ಲಿ? ಶೆಡ್ಡಿಗೆ ಕೀಲಿ ಹಾಕ್ಲೇನು?”

ಅವ್ವ ನನ್ನ ಕೈ ಬಿಟ್ಟು, ಬಾಟಲಿ ಇಸಿದುಕೊಂಡು, ಕಿರುಬೆರಳು ಅದ್ದಿ ನಾಲಿಗೆಗೆ ಹಚ್ಚಿದಳು. ಮೋರಿಗೆ ಉಗುಳಿದಳು.

“ಹುಳಿ ಐತಿ. ಇನ್ನೆರಡು ನೀರು ತೊಳೀರಿ. ನಾಳೆಯಿಂದ ನನಗ ತಂದು ತೋರಸ್ರಿ. ಹುಡುಗೀನ್ನ ಮುಟ್ಟಿದ್ರ ಚೊಲೋ ಆಗಂಗಿಲ್ಲ.”

ಎಂಟು ವರ್ಷ ಹಾಗೆ ನಡೆಯಿತು. ಮೊದಲ ಎಂಟು ದಿನ ನಾನು ಅವಳ ಜೊತೆ ಮಾತು ಬಿಟ್ಟಿದ್ದೆ. ನನ್ನದನ್ನು ಕಸಿದುಕೊಂಡಳು ಎಂದು. ಹೌದು, ಹಾಗೇ ಅಂದುಕೊಂಡಿದ್ದೆ. ಈಗ ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ. ಅವ್ವನೋ, ಚಹಾದ ಹುಚ್ಚಿನವಳು. ತವರಿನಲ್ಲಿ ಹಾಸಿಗೆಯಲ್ಲೇ ಚಹಾ ಕುಡಿಯುತ್ತಿದ್ದೆ ಎಂದು ಹೇಳಿಕೊಳ್ಳುತ್ತಿದ್ದಳು. ಐದಕ್ಕೆ ಎದ್ದು, ನಮಗೆಲ್ಲ ಮಾಡಿಕೊಟ್ಟು, ತನ್ನದನ್ನು ಮುಚ್ಚಿಟ್ಟು, ಒಂಬತ್ತೂವರೆಯ ಬಾಟಲಿಗೆ ಕಾಯುತ್ತಿದ್ದಳು. ಹಿಂದಿನ ರಾತ್ರಿ ಖಾರ ತಿಂದರೆ ನಾಲಿಗೆ ಕೆಡುತ್ತದೆ. ಹೀಗಾಗಿ ಮನೆಯಲ್ಲಿ ಖಾರವೇ ನಿಂತುಹೋಯಿತು. ನಮ್ಮ ಕಡೆಯವರ ಮನೆಯಲ್ಲಿ ಮೆಣಸಿನಕಾಯಿ ಇಲ್ಲ ಎಂದರೆ ಯಾರು ನಂಬುತ್ತಾರೆ? ರೊಟ್ಟಿಗೆ ಸಪ್ಪನೆಯ ಬೇಳೆ, ಸಪ್ಪನೆಯ ಪಲ್ಲೆ, ಮೊಸರು. ಊರಿಂದ ಯಾರಾದರೂ ಬಂದರೆ ‘ಇದೇನ್ ತಂಗಿ, ಬ್ಯಾನಿ ಬಿದ್ದವರ ಊಟ’ ಎಂದು ನಗುತ್ತಿದ್ದರು. ಅವ್ವ ಅವರ ಜೊತೆ ತಾನೂ ನಗುತ್ತಿದ್ದಳು, ಕಾರಣ ಹೇಳುತ್ತಿರಲಿಲ್ಲ. ಗಂಡನ ನಾಲಿಗೆ ಸತ್ತಿದೆ ಎನ್ನುವುದು ಹೊರಗೆ ಗೊತ್ತಾಗಬಾರದು. ಮಾಲು ಮತ್ತೆ ವಾಪಸ್ಸು ಬರಲಿಲ್ಲ. ‘ನಿಮ್ಮ ಕೈಗುಣ’ ಎಂದು ಗಿರಾಕಿಗಳು ಅಪ್ಪನನ್ನು ಹೊಗಳಿದರು. ಅಪ್ಪ ಸುಮ್ಮನೆ ತಲೆ ಆಡಿಸುತ್ತಿದ್ದ.

ನಾನು ಕಲ್ಯಾಣದ ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದೆ. ಆ ಚಳಿಗಾಲ ಬೆಳಿಗ್ಗೆ ಮೋರಿಯಲ್ಲಿ ಆಗಾಗ ಕೆಂಪು ಕಾಣತೊಡಗಿತು. ಅವ್ವ ನೀರು ಸುರಿದಿರುತ್ತಿದ್ದಳು, ಆದರೂ ಕಲ್ಲಿನ ಸಂದಿನಲ್ಲಿ ಒಂದು ಗೆರೆ ಉಳಿದಿರುತ್ತಿತ್ತು. ಒಂದೊಂದು ಸಲ ನಾನೇ ನೀರು ಹೊಯ್ದು ಪೊರಕೆಯಲ್ಲಿ ತಿಕ್ಕುತ್ತಿದ್ದೆ. ‘ಬಣ್ಣ ಇಳ್ಯಾಕತ್ತೈತಿ’ ಎನ್ನುತ್ತಿದ್ದಳು ಅವ್ವ. ‘ಹೂಂ’ ಎನ್ನುತ್ತಿದ್ದೆ. ಬೇರೆ ಮನೆಯ ಮಗಳಾಗಿದ್ದರೆ ಮೊದಲ ದಿನವೇ ಚೀರಿ ಅಕ್ಕಪಕ್ಕದವರನ್ನು ಕರೆಯುತ್ತಿದ್ದಳು. ನಾನು ಬಣ್ಣದವರ ಮಗಳು. ಸಂಕ್ರಾಂತಿ ಕಳೆದ ಒಂದು ರವಿವಾರ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವ ಬಡಿಸುತ್ತಿದ್ದಳು. ನಾನು ಅಪ್ಪನಿಗೆ ತಮಾಷೆಗೆ ಹೇಳಿದೆ.

“ಅಪ್ಪಾ, ಆ ಕೆಂಪು ಮಾಡೂದು ಸಾಕ್ ಮಾಡ್ರಿ. ಮೋರಿ ತಿಕ್ಕಿ ತಿಕ್ಕಿ ನನ್ನ ಕೈ ಹೋದ್ವು.”

“ಯಾವ ಕೆಂಪು?”

“ಅವ್ವಗ ಇಳೀತೈತಲ್ಲ, ಅದು.”

ಅಪ್ಪ ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸ್ಸು ಇಟ್ಟ.

“ದಸರಾದಿಂದ ಬರೇ ಕರಿ ಮಾಡಾಕತ್ತೀವಿ. ಕೆಂಪು ಮಾಡೇ ಇಲ್ಲ.”

ಅಣ್ಣ ನನ್ನ ಮುಖ ನೋಡಿದ. ಅವ್ವನಿಗೆ ಇದು ಗೊತ್ತಿತ್ತೇ? ದಿನಾ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದವಳು, ಬಾಟಲಿಯಲ್ಲಿದ್ದದ್ದು ಕರಿಯೋ ಕೆಂಪೋ ಅವಳ ಕಣ್ಣಿಗೆ ಕಾಣುತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ನಾನು ನಾಲ್ವತ್ತು ವರ್ಷದ ಮೇಲಾಯಿತು, ಉರುಳಿಸುತ್ತಲೇ ಇದ್ದೇನೆ. ಆ ಹೊತ್ತಿಗೆ ಅವಳು ಅಂದದ್ದು ಇಷ್ಟೇ.

“ಅನ್ನ ಹಾಕ್ಲೇನ್ರಿ?”

ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಲೋಕಲ್ ರೈಲಿನಲ್ಲಿ ಕುರ್ಲಾದವರೆಗೆ ಅವ್ವನಿಗೆ ಕೂರಲು ಜಾಗ ಸಿಗಲಿಲ್ಲ, ಕಂಬ ಹಿಡಿದು ನಿಂತಿದ್ದಳು. ಮೂತ್ರಕೋಶದಲ್ಲಿ ಗಂಟು, ಹರಡಿದೆ ಎಂದರು. ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಕಾಗದಗಳನ್ನು ತಿರುಗಿಸಿ ನೋಡಿ, ಇದು ಬಣ್ಣದ ಕಾರ್ಖಾನೆಗಳಲ್ಲಿ ದುಡಿಯುವ ಗಂಡಸರಿಗೆ ಬರುವುದನ್ನು ಕಂಡಿದ್ದೇನೆ, ಹೆಂಗಸರಲ್ಲಿ ಅಪರೂಪ ಎಂದರು. ಅವ್ವನಿಗೆ ಏನು ಕೆಲಸ ಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ‘ಘರ್ ಕಾ ಕಾಮ್’ ಎಂದಳು ಅವ್ವ. ಡಾಕ್ಟರು ಅಪ್ಪನ ಕಡೆ ತಿರುಗಿ, ಇವರು ಯಾವಾಗಲಾದರೂ ಬಣ್ಣದ ಕಾರ್ಖಾನೆಯೊಳಗೆ ಹೋಗಿದ್ದರೇ ಎಂದು ಕೇಳಿದರು. ‘ಕಭೀ ನಹೀ ಸಾಬ್’ ಎಂದ ಅಪ್ಪ. ಅದು ನಿಜವೇ. ಶೆಡ್ಡಿನ ಹೊಸ್ತಿಲನ್ನು ಅವಳು ಒಮ್ಮೆಯೂ ದಾಟಿರಲಿಲ್ಲ. ಡಾಕ್ಟರು ಉದ್ಯೋಗ ಎನ್ನುವ ಜಾಗದಲ್ಲಿ ಹೌಸ್‌ವೈಫ್ ಎಂದು ಬರೆದರು.

ನಾನು ಅಲ್ಲೇ ನಿಂತಿದ್ದೆ. ಹಿಂದಿ, ಮರಾಠಿ, ಇಂಗ್ಲಿಷು ಮೂರೂ ಬರುತ್ತಿದ್ದವಳು ಆ ಕೋಣೆಯಲ್ಲಿ ನಮ್ಮ ಪೈಕಿ ನಾನೊಬ್ಬಳೇ. ಬಾಟಲಿಯ ಸಂಗತಿ ಹೇಳಬಹುದಿತ್ತು. ಹೇಳಿದ್ದರೂ ಅವ್ವ ಉಳಿಯುತ್ತಿರಲಿಲ್ಲ, ಅದು ನನಗೆ ಗೊತ್ತಿದೆ. ಆದರೆ ಶೆಡ್ಡಿನಲ್ಲಿ ಒಂಬತ್ತು ಜನ ಇದ್ದರು. ಅವರನ್ನು ಕರೆಸಿ ನೋಡುತ್ತಿದ್ದರೋ ಏನೋ. ಅವರಲ್ಲಿ ಇಬ್ಬರು ಮುಂದೆ ತೀರಿಕೊಂಡರು. ಯಾವುದರಿಂದ ಎಂದು ನಾನು ಹೋಗಿ ಕೇಳಲಿಲ್ಲ. ಅಪ್ಪನ ಮಾನ, ಶೆಡ್ಡಿನ ಬಾಗಿಲು, ಅಣ್ಣನ ಮುಂದಿನ ಬದುಕು ಎಂದೆಲ್ಲ ಈಗ ಕಾರಣ ಜೋಡಿಸಬಹುದು. ಆಗ ಹೆದರಿಕೆಯೊಂದೇ ಇತ್ತು, ಹೆದರಿ ಬಾಯಿ ಮುಚ್ಚಿದೆ.

ಮನೆಗೆ ಬಂದ ಮಾರನೆಯ ದಿನ ಅವ್ವ ನನ್ನನ್ನು ಕರೆದು ರಂಜಕ ಅರೆ ಎಂದಳು. ಹಣ್ಣು ಮೆಣಸಿನಕಾಯಿಯ ಕೆಂಪು ಚಟ್ನಿ, ನಮ್ಮ ಮನೆಯಲ್ಲಿ ಎಂಟು ವರ್ಷ ಇಲ್ಲದ್ದು. ಕುಲಕರ್ಣಿ ಕಾಕೂನ ಮನೆಯಿಂದ ಒರಳು ತಂದೆ, ನಮ್ಮದು ಮಾಳಿಗೆಯ ಮೇಲೆ ಬಣ್ಣ ಹತ್ತಿ ಕೂತಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಬಿಸಿ ಚಹಾ ಕುಡಿದು, ಬಿಸಿ ರೊಟ್ಟಿಗೆ ರಂಜಕ ಹಚ್ಚಿಕೊಂಡು ತಿಂದಳು. ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯುತ್ತಿತ್ತು. ‘ಇದರ ರುಚೀನ ಮರ್ತಿದ್ನಲ್ಲ’ ಎಂದಳು. ಇನ್ನೊಂದು ರೊಟ್ಟಿ ಕೇಳಿದಳು. ಒಂಬತ್ತೂವರೆಗೆ ಅಪ್ಪ ಬಾಗಿಲಿಗೆ ಬಂದ. ಕೈ ಜೇಬಿನಲ್ಲಿತ್ತು. ರಂಜಕ ಹತ್ತಿದ್ದ ಅವಳ ಖಾಲಿ ತಟ್ಟೆ ನೋಡಿ ತಿರುಗಿ ಹೋದ. ಅವ್ವ ಮುಂದಿನ ದಸರೆ ಕಾಣಲಿಲ್ಲ. ಹದಿಮೂರನೆಯ ದಿನದ ಊಟವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅದೇ ಹೊತ್ತಿಗೆ ಅಪ್ಪ ಬಾಟಲಿ ಹಿಡಿದು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅಭ್ಯಾಸ. ಯಾರನ್ನು ಕರೆಯಬೇಕೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದು, ಆಮೇಲೆ ಮೋರಿಗೆ ಸುರಿದು, ತಾನೇ ನೀರು ಹೊಯ್ದ. ಆ ತಿಂಗಳೇ ಹಂಡೆಗಳ ಕೆಲಸ ನಿಂತಿತು. ಅಣ್ಣ ಬಕೆಟ್ಟು, ಚೊಂಬುಗಳಿಗೆ ಹಾಕುವ ಪ್ಲಾಸ್ಟಿಕ್ಕಿನ ಬಣ್ಣದ ಕಾಳು ಮಾಡುವ ಯಂತ್ರ ತಂದ. ನಾನು ಕಲ್ಯಾಣದಲ್ಲಿ ಶಾಲೆಯ ಶಿಕ್ಷಕಿಯಾದೆ. ಅವ್ವನ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಪ್ಪ ಸಾಯುವವರೆಗೂ ಊಟಕ್ಕೆ ಕೂತಾಗ ‘ಉಪ್ಪು ಸರಿ ಐತೇನು?’ ಎಂದು ನಮ್ಮನ್ನು ಕೇಳಿ, ಹೌದು ಎಂದ ಮೇಲೆಯೇ ತುತ್ತು ಎತ್ತುತ್ತಿದ್ದ.

ಪ್ಲಾಸ್ಟಿಕ್ಕೂ ಈಗ ಹಳತಾಯಿತು. ಅಣ್ಣನ ಮಗ ವಿನಾಯಕ ಘಣಸೋಲಿಯಲ್ಲಿ ಹೊಸ ಜಾಗ ಹಿಡಿದು, ಎಲ್ಲ ಬಿಟ್ಟು ಮತ್ತೆ ನೀಲಿಗೇ ಬಂದಿದ್ದಾನೆ. ಗಿಡದ ನೀಲಿ, ಸುಣ್ಣ, ಬೆಲ್ಲ. ದೊಡ್ಡ ದೊಡ್ಡ ಅಂಗಡಿಗಳವರು ಬಂದು ಬಟ್ಟೆಗೆ ಹಾಕಿಸಿಕೊಳ್ಳುತ್ತಾರೆ. ಮುತ್ತಜ್ಜನ ಕಾಲದ ಪದ್ಧತಿ ಎಂದು ತೋರಿಸುವುದಕ್ಕೆ ಒಂದು ವಿಡಿಯೊ ಬೇಕಂತೆ. ನಾಲಿಗೆಯಲ್ಲಿ ಬಾನಿ ನೋಡಬಲ್ಲವಳು ಉಳಿದಿರುವುದು ನಾನೊಬ್ಬಳೇ ಎಂದು ಕಳೆದ ತಿಂಗಳು ಕಾರು ಕಳಿಸಿದ. ಬೆಳಿಗ್ಗೆ ಚಹಾ ಕುಡಿಯದೆ ಹೋದೆ. ಬಾಗಿಲಲ್ಲೇ ಗೋಡೆಯ ಮೇಲೆ ಅಜ್ಜ, ಅಪ್ಪ, ಅಣ್ಣ ಮೂವರ ಫೋಟೊ, ಕೆಳಗೆ ಮೂರು ತಲೆಮಾರಿನ ನಾಲಿಗೆ ಎಂದು ಇಂಗ್ಲಿಷಿನಲ್ಲಿ ಬರೆಸಿದ್ದ. ಅಣ್ಣ ತನ್ನ ಬದುಕಿನಲ್ಲಿ ಒಂದು ಹನಿ ಬಣ್ಣವನ್ನೂ ನಾಲಿಗೆಗೆ ಹಚ್ಚಿದವನಲ್ಲ.

“ನಿಮ್ಮಜ್ಜಿ ಫೋಟೊ ಎಲ್ಲೋ?”

“ಆಜಿ? ಆತ್ಯಾ, ವೋ ತೋ ಹೌಸ್‌ವೈಫ್ ಥೀ ನಾ?”

ಅಜ್ಜಿ ಹೌಸ್‌ವೈಫ್ ಅಲ್ಲವೇ ಎಂದು ಅತ್ತೆಯಾದ ನನ್ನನ್ನು ಕೇಳಿದ. ಅವನ ತಪ್ಪೇನು. ಅವನಿಗೆ ಹೇಳಿದವರು ಯಾರು? ನಾನು ಬಾನಿಯ ಹತ್ತಿರ ಹೋಗಿ ಕೂತೆ. ಕ್ಯಾಮೆರಾದವನು ಕೈ ಆಡಿಸಿದ. ಕಿರುಬೆರಳು ಅದ್ದಿ ನಾಲಿಗೆಗೆ ಹಚ್ಚಿದೆ. ಚುರುಕ್ಕೆಂದಿತು. ಸುಣ್ಣ ಹೆಚ್ಚಾಗಿದೆ ಎಂದೆ. ಕೆಲಸದವರು ಮುಖ ಮುಖ ನೋಡಿಕೊಂಡು ನಕ್ಕರು, ಹೌದಂತೆ. ವಿನಾಯಕನ ಆರು ವರ್ಷದ ಮಗಳು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ತಾನೂ ಬೆರಳು ಅದ್ದಿ ಬಾಯಿಯ ಹತ್ತಿರ ತಂದಳು. ನಾನು ಅವಳ ಮಣಿಕಟ್ಟು ಹಿಡಿದೆ.

“ಆಜಿ, ಛೋಡೋ ನಾ. ದುಖ್ತಾ ಹೈ.”

“ಆತ್ಯಾ, ಕುಛ್ ನಹೀ ಹೋತಾ, ಏನೂ ಆಗಂಗಿಲ್ಲ. ಎಲ್ಲ ನ್ಯಾಚುರಲ್ ಅದೆ.”

ನೋವಾಗುತ್ತದೆ, ಬಿಡು ಎಂದು ಮಗು ಅಳಲು ಶುರುಮಾಡಿತು. ನಾನು ಬಿಡಲಿಲ್ಲ. ವಿನಾಯಕ ಕ್ಯಾಮೆರಾದವನಿಗೆ ನಿಲ್ಲಿಸು ಎಂದು ಸನ್ನೆ ಮಾಡಿದ.

“ನಿಲ್ಲಸಬ್ಯಾಡ. ವಿನಾಯಕಾ, ನೀನೂ ಇಲ್ಲಿ ಬಂದು ಕೂಡು. ನಿಮ್ಮಜ್ಜಿ ಏನ್ ಕೆಲಸ ಮಾಡ್ತಿದ್ಲು, ಹೇಳ್ತೀನಿ.”